ಶೇಪ್‌ವೇರ್ ಆರಿಸೋದು ಹೇಗೆ, ಹಾಕೋದು ಹೇಗೆ? ಕಾರ್ಸೆಟ್ ಕಾಲದಿಂದ ಸೀರೆಯ ಒಳಗಿನ ಶೇಪ್‌ವೇರ್‌ವರೆಗೆ

ಶೇಪ್‌ವೇರ್ ಅಂದರೆ ಹೊಟ್ಟೆ, ಸೊಂಟ, ತೊಡೆಯನ್ನು ಒತ್ತಿ ಹಿಡಿಯುವ, ಹಿಗ್ಗುವ ಬಟ್ಟೆಯ ಬಿಗಿ ಒಳಉಡುಪು. ಮದುವೆ ಸೀಸನ್ ಬಂತೆಂದರೆ ಅದರ ಬಗ್ಗೆ ಈ ಪ್ರಶ್ನೆಗಳೆಲ್ಲ ಶುರುವಾಗುತ್ತವೆ. ಯಾವ ಸೈಜು ತಗೋಬೇಕು? ಸೀರೆ ಒಳಗೆ ಲಂಗ ಬೇಡವಾ? ಊಟ ಮಾಡಿದ ಮೇಲೆ ಉಸಿರು ಕಟ್ಟುತ್ತಾ? ದಿನಾ ಹಾಕಿದರೆ ಹೊಟ್ಟೆ ಕರಗುತ್ತಾ?

ಕೊನೆಯದಕ್ಕೆ ಉತ್ತರ ಈಗಲೇ ಹೇಳಿಬಿಡುತ್ತೇನೆ. ಕರಗಲ್ಲ. ಶೇಪ್‌ವೇರ್ ಕೊಬ್ಬನ್ನು ಒತ್ತಿ ಆಚೀಚೆ ಸರಿಸುತ್ತದೆ, ಅಷ್ಟೇ. ಬಿಚ್ಚಿದ ಕೂಡಲೇ ದೇಹ ಇದ್ದ ಹಾಗೇ ಇರುತ್ತದೆ. ಹಾಗಾದರೆ ಯಾಕೆ ಹಾಕಬೇಕು ಅಂದರೆ, ಮೇಲಿನ ಬಟ್ಟೆ ಚೆನ್ನಾಗಿ ಕೂರಲಿ ಅಂತ. ಈ ಒಂದು ವಿಷಯ ಮನಸ್ಸಿನಲ್ಲಿದ್ದರೆ ಸರಿಯಾದ ಸೈಜು ಕೊಳ್ಳುತ್ತೀರಿ, ಬೇಕಾದಷ್ಟು ಹೊತ್ತು ಮಾತ್ರ ಹಾಕುತ್ತೀರಿ, ನೋವೂ ಆಗುವುದಿಲ್ಲ. ನಡು ಸಣ್ಣ ಮಾಡಬೇಕು ಅಂತ ಹೊರಟವರೇ ಎರಡು ಸೈಜು ಚಿಕ್ಕದು ಕೊಂಡು ತೊಡೆ, ಸೊಂಟ ಎಲ್ಲ ಕೆಂಪು ಬರೆ ಮಾಡಿಕೊಳ್ಳುವುದು.

ಸ್ವಲ್ಪ ಹಿಂದಿನ ಕಥೆ, ಯಾಕೆಂದರೆ ಅದು ಇಂದಿಗೂ ಕೆಲಸಕ್ಕೆ ಬರುತ್ತದೆ

ಯುರೋಪಿನಲ್ಲಿ 16ನೇ ಶತಮಾನದಿಂದಲೂ ಹೆಂಗಸರು ಮೈಗೆ ಬಿಗಿಯಾದ, ಗಟ್ಟಿ ಒಳಉಡುಪು ತೊಡುತ್ತಿದ್ದರು. ಇದೇ ಮುಂದೆ ಕಾರ್ಸೆಟ್ ಅನ್ನಿಸಿಕೊಂಡಿತು. ಬಟ್ಟೆಯ ಎರಡು ಪದರಗಳ ನಡುವೆ ಬಲೀನ್ ಪಟ್ಟಿ ಇಟ್ಟು ಹೊಲಿಯುತ್ತಿದ್ದರು. ಬಲೀನ್ ಅಂದರೆ ಕೆಲವು ಜಾತಿಯ ತಿಮಿಂಗಿಲಗಳ ಮೇಲ್ದವಡೆಯಿಂದ ಜೋತು ಬಿದ್ದಿರುವ ಪಟ್ಟಿಗಳು. ಎಲ್ಲರೂ ಅದನ್ನು ಮೂಳೆ ಅನ್ನುತ್ತಿದ್ದರು. ಆದರೆ ಅದು ನಮ್ಮ ಉಗುರಿನ ವಸ್ತುವಿನದೇ. ಬಾಗುತ್ತದೆ, ಸುಲಭಕ್ಕೆ ಮುರಿಯಲ್ಲ. ಹಿಂದೆ ದಾರ ಪೋಣಿಸಿ ಎಳೆದು ಕಟ್ಟುತ್ತಿದ್ದರು. ದಾರದ ತೂತುಗಳು ಕೈಹೊಲಿಗೆಯವಾಗಿದ್ದಾಗ ಜಾಸ್ತಿ ಎಳೆದರೆ ಬಟ್ಟೆಯೇ ಹರಿಯುತ್ತಿತ್ತು. 1820ರ ದಶಕದಲ್ಲಿ ಆ ತೂತುಗಳಿಗೆ ಲೋಹದ ಉಂಗುರ ಬಂತು ನೋಡಿ, ಆಮೇಲೆ ಬೇಕಾದಷ್ಟು ಬಿಗಿ ಎಳೆಯಲು ಸಾಧ್ಯವಾಯಿತು. 19ನೇ ಶತಮಾನದ ಕಾರ್ಸೆಟ್ ಬಗ್ಗೆ ನಾವು ಕೇಳುವ ಕಥೆಗಳೆಲ್ಲ ಇದರ ನಂತರದವು.

ಅದರಲ್ಲೊಂದು ಕಥೆ, ನಡು ಸಣ್ಣಗೆ ಕಾಣಲಿ ಅಂತ ಹೆಂಗಸರು ಪಕ್ಕೆಲುಬು ತೆಗೆಸಿಕೊಳ್ಳುತ್ತಿದ್ದರು ಅನ್ನುವುದು. ಅದಕ್ಕೆ ಆಧಾರ ಇಲ್ಲ. ಕಾರ್ಸೆಟ್‌ಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ನ್ಯೂಯಾರ್ಕಿನ ಇತಿಹಾಸಕಾರ್ತಿ ವ್ಯಾಲರಿ ಸ್ಟೀಲ್ ಇದನ್ನು ಬರೀ ದಂತಕಥೆ ಎಂದಿದ್ದಾರೆ. ಆ ಕಾಲದಲ್ಲಿ ಆಪರೇಷನ್ ಅಂದರೆ ಜೀವಕ್ಕೇ ಅಪಾಯ, ಸೊಂಟಕ್ಕೋಸ್ಕರ ಯಾರು ಮಾಡಿಸಿಕೊಳ್ಳುತ್ತಾರೆ ಹೇಳಿ. ಮ್ಯೂಸಿಯಂಗಳಲ್ಲಿರುವ ಕಾರ್ಸೆಟ್ ಅಳೆದು ಇಷ್ಟೇ ಇಂಚು ಸೊಂಟ ಇತ್ತು ಅನ್ನುವುದೂ ಪೂರ್ತಿ ಸರಿಯಲ್ಲ. ಬಹಳಷ್ಟು ಜನ ಹಿಂದೆ ಒಂದೆರಡು ಇಂಚು ಜಾಗ ಬಿಟ್ಟೇ ದಾರ ಕಟ್ಟುತ್ತಿದ್ದರು.

ಮತ್ತೆ ಅದನ್ನು ಇಷ್ಟಪಟ್ಟು ಹಾಕುತ್ತಿದ್ದರಾ? ಹೌದು, ತುಂಬಾ ಜನ. ಆಗ ಬ್ರಾ ಇರಲಿಲ್ಲ, ಎದೆಗೆ ಆಸರೆ ಕೊಡುತ್ತಿದ್ದುದು ಕಾರ್ಸೆಟ್ಟೇ. ಪದರ ಪದರವಾದ ಲಂಗಗಳ ಭಾರ ನೇರವಾಗಿ ಸೊಂಟವನ್ನು ಕೊರೆಯದಂತೆ ಹಂಚುತ್ತಿದ್ದುದೂ ಅದೇ. ಶ್ರೀಮಂತರಷ್ಟೇ ಅಲ್ಲ, ಕೂಲಿ ಕೆಲಸದ ಹೆಂಗಸರೂ ತೊಡುತ್ತಿದ್ದರು. ಅದೇ ಹೊತ್ತಿಗೆ ಇದು ಸಾಕು ಅಂದವರೂ ಹೆಂಗಸರೇ. 1881ರಲ್ಲಿ ಲಂಡನ್‌ನಲ್ಲಿ ರ್‍ಯಾಷನಲ್ ಡ್ರೆಸ್ ಸೊಸೈಟಿ ಹುಟ್ಟಿತು. ಒಳಉಡುಪೆಲ್ಲ ಸೇರಿ 7 ಪೌಂಡ್ ಮೀರಬಾರದು ಅಂತ ಅವರು ಕೇಳಿದರು. ಅಂದರೆ ಸುಮಾರು 3.2 ಕಿಲೋ. ಕಡಿಮೆ ಮಾಡಿ ಅಂತ ಕೇಳಿದ್ದೇ ಇಷ್ಟು!

ಆಮೇಲಿನದು ಬೇಗ ಬೇಗ ಆಯಿತು. 1914ರಲ್ಲಿ ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಬ್ರಾಗೆ ಪೇಟೆಂಟ್ ಪಡೆದರು. ಆಕೆ ಮೊದಲು ಮಾಡಿದ್ದು ಎರಡು ಕರ್ಚೀಫು, ಒಂದಿಷ್ಟು ರಿಬ್ಬನ್ ಸೇರಿಸಿ. 1930ರ ದಶಕದಲ್ಲಿ ಲಾಸ್ಟೆಕ್ಸ್ ಎಂಬ ರಬ್ಬರ್ ನೂಲು ಬಂದು, ಎಳೆದರೆ ಹಿಗ್ಗುವ ಗರ್ಡಲ್, ಅಂದರೆ ಸೊಂಟ ಬಿಗಿ ಹಿಡಿಯುವ ಒಳಉಡುಪು, ಮನೆಮನೆಗೆ ಹೋಯಿತು. 1947ರಲ್ಲಿ ಪ್ಯಾರಿಸ್‌ನ ಫ್ಯಾಷನ್ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಸಣ್ಣ ನಡುವಿನ ಉಡುಪುಗಳನ್ನು ಮತ್ತೆ ತಂದ. 1958ರಲ್ಲಿ ಡ್ಯುಪಾಂಟ್ ಕಂಪನಿಯ ರಸಾಯನ ವಿಜ್ಞಾನಿ ಜೋಸೆಫ್ ಶೈವರ್ಸ್ ಸ್ಪ್ಯಾಂಡೆಕ್ಸ್ ಕಂಡುಹಿಡಿದ. ನಾವು ಲೈಕ್ರಾ, ಎಲಾಸ್ಟೇನ್ ಅನ್ನುವುದೂ ಇದನ್ನೇ. ರಬ್ಬರಿಗಿಂತ ಹಗುರ, ಬೆವರಿಗೆ ಬೇಗ ಹಾಳಾಗಲ್ಲ. 2000ದಲ್ಲಿ ಅಮೆರಿಕದ ಸಾರಾ ಬ್ಲೇಕ್ಲಿ ಸ್ಪ್ಯಾಂಕ್ಸ್ ಎಂಬ ಶೇಪ್‌ವೇರ್ ಕಂಪನಿ ಶುರು ಮಾಡಿದರು. ಬಿಳಿ ಪ್ಯಾಂಟಿನ ಒಳಗೆ ಹಾಕಲು ಉದ್ದ ಸ್ಟಾಕಿಂಗ್ಸ್‌ನ ಪಾದದ ಭಾಗ ಕತ್ತರಿಸಿದ್ದೇ ಆಕೆಗೆ ಸಿಕ್ಕ ಐಡಿಯಾ. ಇವತ್ತು ನಾವು ಕೊಳ್ಳುವ ಶೇಪ್‌ವೇರ್ ಎಲ್ಲ ಈ ದಾರಿಯಲ್ಲೇ ಬಂದಿದ್ದು.

ನಮ್ಮ ಕಡೆ ಕಥೆ ಬೇರೆ. ಸೀರೆಗೆ ಕಾರ್ಸೆಟ್ ಯಾವತ್ತೂ ಬೇಕಾಗಲಿಲ್ಲ. ಇವತ್ತು ಮಾಮೂಲಿ ಅನ್ನಿಸುವ ರವಿಕೆ, ಒಳಲಂಗದ ಜೊತೆಯ ಸೀರೆ ಕೂಡ ಎಲ್ಲ ಕಡೆ ಹಳೆಯದೇನಲ್ಲ. ರವೀಂದ್ರನಾಥ ಟ್ಯಾಗೋರರ ಅತ್ತಿಗೆ ಜ್ಞಾನದಾನಂದಿನಿ ದೇವಿ 1860ರ ದಶಕದಲ್ಲಿ ಬಾಂಬೆಯಲ್ಲಿದ್ದಾಗ ಪಾರ್ಸಿ ಹೆಂಗಸರು ಉಡುವ ಬಗೆ ನೋಡಿ, ತಮಗೆ ಬೇಕಾದಂತೆ ಬದಲಾಯಿಸಿ ಬಂಗಾಳಕ್ಕೆ ಒಯ್ದಿದ್ದರು. ಆ ಒಳಲಂಗದ ಜಾಗಕ್ಕೆ ಈಗ ಹಿಗ್ಗುವ ಬಟ್ಟೆಯ ಸೀರೆ ಶೇಪ್‌ವೇರ್ ಬಂದಿದೆ.

ಮೊದಲ ಹೆಜ್ಜೆ: ಟೇಪು ಹಿಡಿದು ಅಳೆಯಿರಿ

ಹೊಲಿಗೆ ಟೇಪು ತಗೊಳ್ಳಿ. ಬಟ್ಟೆಯ ಮೇಲೆ ಬೇಡ, ಮೈಮೇಲೇ ಅಳೆಯಿರಿ. ನಡುವಿನ ಅಳತೆ ಅಂದರೆ ಹೊಕ್ಕುಳಿಗಿಂತ ಸ್ವಲ್ಪ ಮೇಲೆ, ಪಕ್ಕಕ್ಕೆ ಬಾಗಿದಾಗ ಮಡಿಕೆ ಬೀಳುವ ಜಾಗ. ಹಿಪ್ ಅಂದರೆ ಹಿಂಭಾಗ ಅತಿ ಅಗಲ ಇರುವ ಕಡೆ, ಕಾಲು ಜೋಡಿಸಿ ನಿಂತು. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ. ಉಸಿರು ಬಿಟ್ಟು ಸುಮ್ನೆ ನಿಂತಾಗ ಬರುವ ಅಳತೆಯೇ ನಿಮ್ಮದು. ತೊಡೆವರೆಗೆ ಬರುವ ಶಾರ್ಟ್ಸ್ ಕೊಳ್ಳುವುದಾದರೆ ತೊಡೆಯ ಸುತ್ತಳತೆಯನ್ನೂ ಬರೆದುಕೊಳ್ಳಿ.

ಆಮೇಲೆ ಆ ಕಂಪನಿಯ ಸೈಜ್ ಚಾರ್ಟ್ ನೋಡಿ. ಒಂದು ಕಂಪನಿಯ ಎಲ್ ಇನ್ನೊಂದರ ಎಂ ಆಗಿರಬಹುದು, ಹಾಗಾಗಿ ಅಕ್ಷರ ನಂಬಬೇಡಿ, ಇಂಚು ನಂಬಿ. ನಡು 34, ಹಿಪ್ 41 ಅಂದುಕೊಳ್ಳಿ. ಚಾರ್ಟ್‌ನಲ್ಲಿ ನಡುವಿನ ಪ್ರಕಾರ ಎಲ್, ಹಿಪ್ ಪ್ರಕಾರ ಎಕ್ಸ್‌ಎಲ್ ಬಂದರೆ ಎಕ್ಸ್‌ಎಲ್ಲೇ ತಗೊಳ್ಳಿ. ಅಗಲ ಇರುವ ಕಡೆ ಬಟ್ಟೆ ಹತ್ತಬೇಕಲ್ವಾ?

ಶೇಪ್‌ವೇರ್ ಮೊದಲೇ ಬಿಗಿಯಾಗಿ ಹೆಣೆದಿರುತ್ತದೆ. ನಿಮ್ಮ ಅಳತೆಗೇ ತಗೊಂಡರೂ ಒತ್ತುತ್ತದೆ, ಅದಕ್ಕೇ ಅದನ್ನು ಹಾಗೆ ಮಾಡಿರುವುದು. ಅದರ ಮೇಲೆ ಇನ್ನೊಂದು ಸೈಜು ಚಿಕ್ಕದು ತಗೊಂಡರೆ ಒತ್ತಿದ ಮಾಂಸ ಎಲ್ಲಿಗಾದರೂ ಹೋಗಲೇಬೇಕು. ಬೆನ್ನಿನ ಹತ್ತಿರ, ತೊಡೆ ಅಂಚಿನಲ್ಲಿ ಉಬ್ಬಿ ನಿಲ್ಲುತ್ತದೆ. ಮರೆಮಾಚಲು ಹೋಗಿದ್ದೇ ಎದ್ದು ಕಾಣುತ್ತದೆ. ದಯವಿಟ್ಟು ಈ ಒಂದು ಮಾತು ಕೇಳಿ: ಚಿಕ್ಕ ಸೈಜು ಬೇಡ.

ಎರಡನೆಯದು: ಮೇಲೆ ಏನು ಹಾಕುತ್ತೀರಿ ಅನ್ನುವುದರ ಮೇಲೆ ಆರಿಸಿ

ಚೂಡಿದಾರ, ಕುರ್ತಾ, ಫ್ರಾಕಿಗೆ ಹೊಟ್ಟೆ ಮುಚ್ಚುವ ಹೈವೇಸ್ಟ್ ಶಾರ್ಟ್ಸ್ ಸಾಕು. ಇದರಲ್ಲಿ ಇನ್ನೊಂದು ದೊಡ್ಡ ಉಪಕಾರ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ನಡೆದಾಡುವಾಗ ತೊಡೆಗೆ ತೊಡೆ ಉಜ್ಜಿ ಉರಿ ಬರುತ್ತದಲ್ಲ, ಅದು ನಿಲ್ಲುತ್ತದೆ. ಅದಕ್ಕೋಸ್ಕರವೇ ಹಾಕುವವರು ಎಷ್ಟೋ ಜನ. ಅವರು ಬಿಗಿ ಇರುವುದನ್ನು ಕೊಳ್ಳುವ ಅಗತ್ಯವೇ ಇಲ್ಲ, ಲೈಟ್ ಕಂಪ್ರೆಷನ್ (ಕಡಿಮೆ ಬಿಗಿ) ಅಂತ ಬರೆದಿರುವುದು ಸಾಕು.

ಮೈಗಂಟುವ ಗೌನಿಗೆ ಬಾಡಿಸೂಟ್ ಒಳ್ಳೆಯದು. ಭುಜದಿಂದ ತೊಡೆವರೆಗೆ ಒಂದೇ ಬಟ್ಟೆ, ನಡುವಿನಲ್ಲಿ ಅಂಚು ಕಾಣಲ್ಲ. ಆದರೆ ಬಾತ್‌ರೂಮಿಗೆ ಹೋಗುವಾಗ ಏನು ಮಾಡಬೇಕು ಅಂತ ಮೊದಲೇ ಯೋಚಿಸಿ. ಕೆಳಗೆ ಹುಕ್ಕು ಅಥವಾ ಸೀಳು ಇರುವುದನ್ನೇ ತಗೊಳ್ಳಿ. ಇಲ್ಲದಿದ್ದರೆ ನೀರು ಕುಡಿಯುವುದನ್ನೇ ನಿಲ್ಲಿಸಿ, ಮೂತ್ರ ತಡೆದುಕೊಂಡು ಕೂರುತ್ತೀರಿ. ಅದು ಉರಿಮೂತ್ರಕ್ಕೆ ದಾರಿ.

ಸೀರೆಯ ವಿಷಯಕ್ಕೆ ಬಂದರೆ ಸ್ವಲ್ಪ ಹೆಚ್ಚು ಹೇಳಬೇಕು. ಸೀರೆ ಶೇಪ್‌ವೇರ್ ಅಂದರೆ ಸೊಂಟದಿಂದ ಪಾದದವರೆಗೆ ಮೈಗೆ ಹತ್ತಿ ಕೂರುವ, ಮಂಡಿ ಕೆಳಗೆ ಸ್ವಲ್ಪ ಅರಳುವ ಉದ್ದ ಲಂಗ. ಮೈಸೂರು ಸಿಲ್ಕ್, ಜಾರ್ಜೆಟ್, ಶಿಫಾನ್ ಇಂಥ ಜಾರುವ, ಮೈಗೆ ಅಂಟುವ ಸೀರೆಗೆ ಇದು ನಿಜಕ್ಕೂ ಚೆನ್ನಾಗಿರುತ್ತದೆ. ಮೈಸೂರು ಸಿಲ್ಕ್ ಕ್ರೇಪ್ ಬಟ್ಟೆ, ಒಳಲಂಗದ ಪ್ರತಿ ಸುಕ್ಕನ್ನೂ ಲಾಡಿಯ ಗಂಟನ್ನೂ ಹೊರಗೆ ತೋರಿಸುತ್ತದೆ. ಗಂಜಿ ಹಾಕಿದ ಕಾಟನ್ ಸೀರೆ, ಗಟ್ಟಿ ಇಳಕಲ್, ಭಾರದ ಕಾಂಚೀಪುರಂ ಇವಕ್ಕೆ ಬೇಡವೇ ಬೇಡ. ಅವು ತಾವೇ ನೆಟ್ಟಗೆ ನಿಲ್ಲುತ್ತವೆ, ಒಳಗಿನ ಆಕಾರ ಹೊರಗೆ ಗೊತ್ತಾಗಲ್ಲ, ಮಾಮೂಲಿ ಕಾಟನ್ ಲಂಗವೇ ತಂಪು. ಕಚ್ಚೆ ಸೀರೆಗೂ ಇದು ಆಗುವುದಿಲ್ಲ. ಕಾಲುಗಳ ನಡುವೆ ಸೀರೆ ಹೋಗಬೇಕು, ಹಾಗಾಗಿ ಬೇಕಾದರೆ ಶಾರ್ಟ್ಸ್ ಹಾಕಿಕೊಳ್ಳಿ.

ಬಣ್ಣ: ಸೀರೆ ತೆಳುವಾಗಿದ್ದರೆ ಸೀರೆಯದೇ ಬಣ್ಣ, ಬಿಳಿ ಅಥವಾ ಕೆನೆ ಬಣ್ಣದ ಸೀರೆಗೆ ನಿಮ್ಮ ಮೈಬಣ್ಣಕ್ಕೆ ಹತ್ತಿರದ್ದು.

ಲೇಬಲ್ ಓದುವುದನ್ನು ಮರೆಯಬೇಡಿ. ನೈಲಾನ್ ಅಥವಾ ಪಾಲಿಅಮೈಡ್ ಜೊತೆ ಎಲಾಸ್ಟೇನ್ ಇರುತ್ತದೆ. ಎಲಾಸ್ಟೇನ್ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ, ಸೆಖೆಯೂ ಜಾಸ್ತಿ. ಮಂಗಳೂರು, ಉಡುಪಿ ಕಡೆಯವರು, ಚೆನ್ನೈ, ಮುಂಬೈನಲ್ಲಿರುವವರು ತೆಳ್ಳಗಿನದನ್ನೇ ನೋಡಿ. ಕಾಲುಗಳ ನಡುವಿನ ಭಾಗ ಕಾಟನ್ ಆಗಿರಬೇಕು.

ವೇಸ್ಟ್ ಟ್ರೇನರ್ ಅಂತ ಮಾರುವ ಗಟ್ಟಿ ರಬ್ಬರ್ ಪಟ್ಟಿ ಕೊಳ್ಳಬೇಡಿ. ಹೊಟ್ಟೆಗೆ ಸುತ್ತಿ ಬೆವರಿಸಿ ತೂಕ ಇಳಿಸುತ್ತೇವೆ ಅನ್ನುತ್ತಾರೆ. ಇಳಿದದ್ದು ನೀರು, ಒಂದು ಚೊಂಬು ಕುಡಿದರೆ ವಾಪಸ್. ಬಟ್ಟೆಯಿಂದ ಬೊಜ್ಜು ಕರಗುತ್ತೆ ಅಂದ ಕಂಪನಿಗಳು ಕಾನೂನಿನ ಕೈಗೂ ಸಿಕ್ಕಿವೆ. 2014ರಲ್ಲಿ ಅಮೆರಿಕದಲ್ಲಿ ಸುಳ್ಳು ಜಾಹೀರಾತುಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್, ಕೆಫೀನ್ ಸೇರಿಸಿದ ಒಳಉಡುಪಿನಿಂದ ತೆಳ್ಳಗಾಗುತ್ತೀರಿ ಅಂತ ಜಾಹೀರಾತು ಕೊಟ್ಟ ವಕೋಲ್ ಅಮೆರಿಕ, ನಾರ್ಮ್ ಥಾಂಪ್ಸನ್ ಎಂಬ ಎರಡು ಕಂಪನಿಗಳ ಮೇಲೆ ಕ್ರಮ ತಗೊಂಡು, ಗಿರಾಕಿಗಳಿಗೆ ಕೊಡಲು ದುಡ್ಡು ಕಟ್ಟಿಸಿತು.

ಮೂರನೆಯದು: ಹಾಕುವ ಬಗೆ

ಮೈ ಪೂರ್ತಿ ಒಣಗಿರಲಿ. ಸ್ನಾನ ಮಾಡಿ ಐದೇ ನಿಮಿಷಕ್ಕೆ ಹಾಕಲು ಹೋದರೆ ತೊಡೆ ದಾಟಲ್ಲ. ಲೋಷನ್ನೂ ಬೇಡ, ಬಟ್ಟೆ ಜಾರುತ್ತದೆ.

ಉಗುರು ಉದ್ದ ಇದ್ದರೆ, ಉಂಗುರ ಬಳೆ ಇದ್ದರೆ ಹುಷಾರು. ಸಾಕ್ಸ್ ಹಾಕುವ ಹಾಗೆ ಬಟ್ಟೆಯನ್ನು ಸುರುಳಿ ಮಾಡಿಕೊಂಡು, ಕೂತು, ಎರಡೂ ಕಾಲು ತೂರಿಸಿ. ಮೊದಲು ಮಂಡಿವರೆಗೆ. ಆಮೇಲೆ ಎದ್ದು ಒಂದೊಂದು ತೊಡೆಯಲ್ಲೂ ಸ್ವಲ್ಪ ಸ್ವಲ್ಪ ಮೇಲೆ ತನ್ನಿ. ಸೊಂಟದ ಪಟ್ಟಿಯನ್ನು ಹಿಡಿದು ಒಮ್ಮೆಲೇ ಎಳೆದರೆ ಅಲ್ಲೇ ಹೊಲಿಗೆ ಬಿಡುವುದು. ಬೆರಳಿನ ಮೆತ್ತನೆ ಭಾಗದಿಂದ ಬಟ್ಟೆಯ ನಡುಭಾಗ ಹಿಡಿದು ಏರಿಸಿ. ಮೇಲೆ ಬಂದ ಮೇಲೆ ಅಂಗೈಯಿಂದ ಸವರಿ ಸುಕ್ಕು ತೆಗೆಯಿರಿ. ಹೈವೇಸ್ಟ್ ಆದರೆ ಪಟ್ಟಿ ಬ್ರಾದ ಕೆಳ ಅಂಚಿಗೆ ತಾಗುವಷ್ಟು ಬರಲಿ, ಆಗ ನಡುವೆ ಮಾಂಸ ಉಬ್ಬಲ್ಲ.

ಈಗ ಪರೀಕ್ಷೆ. ಕುರ್ಚಿಯಲ್ಲಿ ಕೂರಿ. ಬಗ್ಗಿ ಚಪ್ಪಲಿ ಮುಟ್ಟಿ. ಹೊಟ್ಟೆ ತುಂಬಾ ಉಸಿರೆಳೆಯಿರಿ. ಪಕ್ಕೆಗೆ ತಡೆ ಆಯಿತು ಅಂದರೆ ಸೈಜು ಚಿಕ್ಕದು, ವಾಪಸ್ ಕೊಡಿ. ಪಟ್ಟಿ ಸುರುಳಿ ಸುತ್ತಿ ಕೆಳಗೆ ಬಂದರೂ ಸಾಮಾನ್ಯವಾಗಿ ಅದೇ ಕಾರಣ. ಇಲ್ಲವೇ ನಿಮ್ಮ ಮುಂಡ ಉದ್ದ ಇದ್ದು ಆ ಮಾಡೆಲ್ ಗಿಡ್ಡ ಆಗಿರುತ್ತದೆ. ಕೊಂಡ ದಿನವೇ ಟ್ಯಾಗ್ ಕೀಳದೆ ಇದನ್ನೆಲ್ಲ ನೋಡಿಕೊಳ್ಳಿ. ಒಳಉಡುಪನ್ನು ವಾಪಸ್ ತಗೊಳ್ಳದ ಅಂಗಡಿಗಳೇ ಜಾಸ್ತಿ, ಕೊಳ್ಳುವ ಮೊದಲೇ ಕೇಳಿಕೊಂಡಿರಿ.

ಸೀರೆ ಉಡುವಾಗ

ಮೊದಲು ಅವತ್ತು ಹಾಕುವ ಚಪ್ಪಲಿ ಹಾಕಿಕೊಂಡುಬಿಡಿ, ಇಲ್ಲವಾದರೆ ಉದ್ದ ಹೆಚ್ಚುಕಡಿಮೆ ಆಗುತ್ತದೆ. ಶೇಪ್‌ವೇರ್ ಹೊಕ್ಕುಳ ಮಟ್ಟಕ್ಕೆ ಅಥವಾ ನೀವು ಸೀರೆ ಕಟ್ಟುವ ಮಟ್ಟಕ್ಕೆ ನಿಲ್ಲಿಸಿ. ಲಾಡಿ ಇರುವ ಮಾಡೆಲ್ಲೇ ಒಳ್ಳೆಯದು, ಬರೀ ಎಲಾಸ್ಟಿಕ್ ಇದ್ದರೆ ನೆರಿಗೆಯ ಭಾರಕ್ಕೆ ಜಗ್ಗುತ್ತದೆ. ಆದರೆ ಲಾಡಿಯನ್ನು ಹಗುರ ಕಟ್ಟಿ. ಹಿಡಿತ ಬಟ್ಟೆಯಲ್ಲೇ ಇದೆ. ಗಂಟನ್ನು ಪಕ್ಕಕ್ಕೆ ತನ್ನಿ, ನೆರಿಗೆಯ ಅಡಿಯಲ್ಲಿ ಬೇಡ.

ಮೊದಲ ಸುತ್ತನ್ನು ತೆಳ್ಳಗೆ ಸಿಕ್ಕಿಸಿ. ಲಂಗದಲ್ಲಾದರೆ ದಪ್ಪ ಸಿಕ್ಕಿಸಿದರೂ ನಡೆಯುತ್ತದೆ, ಇಲ್ಲಿ ಅಷ್ಟೂ ಗಂಟುಗಂಟಾಗಿ ಕಾಣುತ್ತದೆ. ನೆರಿಗೆ ಹಿಡಿದು ಒಂದೇ ಸಮ ಮಾಡಿ, ಮೇಲಂಚಿಗೆ ಒಂದು ಪಿನ್ ಹಾಕಿ ಆಮೇಲೆ ಒಳಗೆ ಸಿಕ್ಕಿಸಿ. ಪಿನ್ ಸೀರೆಗೆ ಸೀರೆ ಸೇರಿಸಿ ಹಾಕಬೇಕು, ಇಲ್ಲವೇ ಸೊಂಟದ ದಪ್ಪ ಪಟ್ಟಿಗೆ. ಹೆಣೆದ ಬಟ್ಟೆಗೆ ಚುಚ್ಚಿದರೆ ತೂತು ದೊಡ್ಡದಾಗುತ್ತಾ ಹೋಗಿ ಎಳೆ ಬಿಡುತ್ತದೆ.

ಉಟ್ಟ ಮೇಲೆ ನಾಲ್ಕು ಮೆಟ್ಟಿಲು ಹತ್ತಿ ಇಳಿಯಿರಿ. ಪಕ್ಕದಲ್ಲಿ ಸೀಳು ಇಲ್ಲದ್ದಾದರೆ ಹೆಜ್ಜೆ ಸಿಕ್ಕಿಕೊಳ್ಳುತ್ತದೆ, ಬಸ್ಸು ಹತ್ತುವುದು ಕಷ್ಟ, ಸ್ಕೂಟರಿನ ಮೇಲೆ ಒಂದೇ ಕಡೆ ಕಾಲು ಹಾಕಿಯೇ ಕೂರಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲು ಅಂತೂ ಆಗಲ್ಲ. ಅದಕ್ಕೇ ಮದುಮಗಳಿಗೆ ನನ್ನ ಸಲಹೆ: ಧಾರೆಯ ದಿನ ಬೇಡ. ಬೆಳಗ್ಗೆಯಿಂದ ಮಣೆಯ ಮೇಲೆ ಕೂತು, ಎದ್ದು, ಹೋಮದ ಬಿಸಿಯಲ್ಲಿ ಬೆವರಿ, ಆಮೇಲೆ ಬಾಳೆಲೆ ಊಟ. ಆ ದಿನಕ್ಕೆ ಕಾಟನ್ ಲಂಗವೇ ಸರಿ. ಸಂಜೆ ರಿಸೆಪ್ಷನ್‌ಗೆ ನಿಂತೇ ಇರುತ್ತೀರಿ, ಫೋಟೋ ಕೂಡ ಆಗಲೇ ಹೆಚ್ಚು. ಆಗ ಹಾಕಿ.

ಎಷ್ಟು ಹೊತ್ತು, ಯಾರು ಹಾಕಬಾರದು

ಹೊಸದನ್ನು ನೇರ ಫಂಕ್ಷನ್‌ಗೆ ಹಾಕಿಕೊಂಡು ಹೋಗಬೇಡಿ. ಮನೆಯಲ್ಲಿ ಒಂದೆರಡು ಗಂಟೆ ಹಾಕಿ ಓಡಾಡಿ ನೋಡಿ. ಆಮೇಲೂ 6 ಗಂಟೆ ಮೀರದಿದ್ದರೆ ಒಳ್ಳೆಯದು. ರಾತ್ರಿ ಹಾಕಿಕೊಂಡು ಮಲಗಬಾರದು, ವ್ಯಾಯಾಮಕ್ಕೂ ಬೇಡ. ದೂರದ ಬಸ್ಸು, ವಿಮಾನ ಪ್ರಯಾಣಕ್ಕೆ ಖಂಡಿತ ಬೇಡ.

ಹೊಟ್ಟೆ ಒತ್ತಿದಾಗ ಆಮ್ಲ ಮೇಲಕ್ಕೆ ಬರುತ್ತದೆ, ಎದೆಯುರಿ ಇರುವವರಿಗೆ ಜಾಸ್ತಿ. ತೊಡೆಸಂದಿನ ಹತ್ತಿರ ಬಿಗಿಯಾದರೆ ಅಲ್ಲಿ ಹಾದುಹೋಗುವ ನರ ಒತ್ತಿಹೋಗಿ ತೊಡೆಯ ಹೊರಭಾಗ ಜೋಮು ಹಿಡಿಯುತ್ತದೆ, ಉರಿಯುತ್ತದೆ. ಡಾಕ್ಟರುಗಳು ಇದನ್ನು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅನ್ನುತ್ತಾರೆ. ಜೋಮು ಬಂದ ಕೂಡಲೇ ಬಿಚ್ಚಿ. ಇನ್ನೊಂದು ಗಂಟೆ ತಡೆದುಕೊಳ್ಳೋಣ ಅನ್ನಬೇಡಿ. ಬೆವರು ನಿಂತಲ್ಲಿ ಫಂಗಸ್ ತುರಿಕೆಯೂ ಬರುತ್ತದೆ.

ಬಿಗಿತದ ಬಗ್ಗೆ ಇಷ್ಟು ಹೇಳುವಾಗ ನಮ್ಮ ಮಾಮೂಲಿ ಲಂಗದ ಲಾಡಿಯನ್ನೂ ಬಿಡುವಂತಿಲ್ಲ. 2024ರಲ್ಲಿ ಮಹಾರಾಷ್ಟ್ರದ ವಾರ್ಧಾ ಮತ್ತು ಬಿಹಾರದ ವೈದ್ಯರು ಬಿಎಂಜೆ ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವಯಸ್ಸಾದ ಹೆಂಗಸರ ಬಗ್ಗೆ ಬರೆದರು. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಬಿಗಿಯಾಗಿ ಕಟ್ಟಿದ ಸೊಂಟದ ಕಟ್ಟು ಉಜ್ಜಿ ಉಜ್ಜಿ ಹುಣ್ಣಾಗಿ, ಅದು ವಾಸಿಯಾಗದೆ ಚರ್ಮದ ಕ್ಯಾನ್ಸರ್ ಆಗಿತ್ತು. ಇದು ತೀರಾ ಅಪರೂಪ, ಹೆದರಿಸಲು ಹೇಳುತ್ತಿಲ್ಲ. ಆದರೆ ನಿಮ್ಮ ಅಮ್ಮನ, ಅಜ್ಜಿಯ ಸೊಂಟದಲ್ಲಿ ಲಾಡಿ ಕೂರುವ ಜಾಗ ಕಪ್ಪಾಗಿ, ಸಿಪ್ಪೆ ಎದ್ದು, ಗಾಯ ಆಗಿದ್ದರೆ ಇವತ್ತೇ ನೋಡಿ. ಅಗಲ ಪಟ್ಟಿಯ ಲಂಗ ಹೊಲಿಸಿ ಕೊಡಿ, ಕಟ್ಟುವ ಮಟ್ಟ ದಿನಾ ಸ್ವಲ್ಪ ಬದಲಾಯಿಸಲು ಹೇಳಿ. ಗಾಯ ವಾಸಿಯಾಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಈ ವಿಷಯದಲ್ಲಿ ಅಗಲ ಪಟ್ಟಿಯ, ಸರಿಯಾದ ಸೈಜಿನ ಸೀರೆ ಶೇಪ್‌ವೇರ್ ತೆಳ್ಳಗಿನ ಲಾಡಿಗಿಂತ ಮೇಲು ಅಂತಲೇ ನನ್ನ ಅಭಿಪ್ರಾಯ, ಒತ್ತಡ ಒಂದು ಗೆರೆಯ ಮೇಲೆ ಬೀಳಲ್ಲ.

ಬಸುರಿಯರು ಶೇಪ್‌ವೇರ್ ಹಾಕಬಾರದು. ಬಾಣಂತಿಗೆ ಹೊಟ್ಟೆ ಕಟ್ಟುವ ರೂಢಿ ನಮ್ಮಲ್ಲಿದೆ, ಮೆತ್ತನೆ ಹಳೆ ಕಾಟನ್ ಸೀರೆಯಲ್ಲಿ ಕಟ್ಟುತ್ತಾರೆ. ಅದರ ಬದಲು ಬಿಗಿ ಶೇಪ್‌ವೇರ್ ತಂದು ಹಾಕಬೇಡಿ. ಸಿಸೇರಿಯನ್ ಆಗಿದ್ದರಂತೂ ಹೊಲಿಗೆ ಇದೆ, ಯಾವ ಬೆಲ್ಟು, ಯಾವಾಗಿನಿಂದ ಅಂತ ಡಾಕ್ಟರೇ ಹೇಳಲಿ. ಹರ್ನಿಯಾ, ಆಸ್ತಮಾ, ಕಾಲಿನ ರಕ್ತನಾಳದ ತೊಂದರೆ ಇದ್ದವರು, ಸಕ್ಕರೆ ಕಾಯಿಲೆಯಿಂದ ಕಾಲಿನ ಸ್ಪರ್ಶ ಕಡಿಮೆ ಆದವರು ಸಹ ಕೇಳಿಯೇ ಮುಂದುವರಿಯಿರಿ. ಹೈಸ್ಕೂಲು ಹುಡುಗಿಯರಿಗೆ ಇದು ಬೇಡ. ಮದುವೆಗೆ ಹೋಗಲು ಅವರ ಹೊಟ್ಟೆ ಅಡಗಿಸಬೇಕು ಅನ್ನುವ ಮಾತೇ ಅವರ ಕಿವಿಗೆ ಬೀಳಬಾರದು.

ತೊಳೆದು ಇಡುವುದು

ಪ್ರತಿ ಸಲ ಹಾಕಿದ ಮೇಲೂ ತೊಳೆಯಿರಿ. ತಣ್ಣೀರು, ಸ್ವಲ್ಪ ಮೆತ್ತನೆ ಸೋಪು, ಕೈಯಲ್ಲೇ. ಬಿಸಿನೀರು, ಬ್ಲೀಚು, ಕಂಫರ್ಟ್‌ನಂಥ ಬಟ್ಟೆ ಮೆತ್ತಗೆ ಮಾಡುವ ದ್ರವ ಯಾವುದೂ ಬೇಡ, ಎಲಾಸ್ಟೇನ್ ಹಾಳಾಗುತ್ತದೆ. ಹಿಂಡಬೇಡಿ, ಟವೆಲ್ ಮೇಲೆ ಹಾಸಿ ಸುತ್ತಿ ಒತ್ತಿದರೆ ನೀರು ಹೋಗುತ್ತದೆ. ನೆರಳಿನಲ್ಲಿ ಒಣಗಿಸಿ. ಇಸ್ತ್ರಿ ಬೇಡ. ಎರಡು ಇಟ್ಟುಕೊಂಡು ಬದಲಾಯಿಸುತ್ತಿದ್ದರೆ ಬಟ್ಟೆಗೆ ಮತ್ತೆ ತನ್ನ ಅಳತೆಗೆ ಬರಲು ಸಮಯ ಸಿಗುತ್ತದೆ. ಎಳೆದು ಬಿಟ್ಟಾಗ ತಕ್ಷಣ ಹಿಂದಕ್ಕೆ ಬರದೆ ಅಲೆ ಅಲೆಯಾಗಿ ನಿಂತರೆ, ಬಿಳಿ ಎಳೆಗಳು ಹೊರಗೆ ಇಣುಕಿದರೆ ಅದರ ಹಿಡಿತ ಮುಗಿಯಿತು ಅಂತ. ಮತ್ತೆ ಕೊಳ್ಳುವಾಗ ಹಳೆಯ ಸೈಜನ್ನೇ ಹೇಳಿಬಿಡಬೇಡಿ, ಟೇಪು ಹಿಡಿದು ಇನ್ನೊಮ್ಮೆ ಅಳೆದುಕೊಂಡು ಹೋಗಿ.